ಊರಿಗೆ ಹಳದಿ ಬಣ್ಣ ಬಂದಾಗ

ಕೇಳುಗರಿಗೆಲ್ಲ ನಮಸ್ಕಾರ.

ಆನೇಕಲ್, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಕಡೆ ಹೋದಾಗ ಯಾವುದಾದರೂ ಟೀ ಅಂಗಡಿಯಲ್ಲಿ ಸುಮ್ನೆ ಕೂತು ನೋಡಿ. ‘ನಮ್ದು ಯೆಲ್ಲೋ ಝೋನ್‌ಗೆ ಬಂತು’ ಅನ್ನುತ್ತಾರೆ ಒಬ್ಬರು. ‘ನಮ್ದಿನ್ನೂ ಗ್ರೀನ್ ಬೆಲ್ಟಲ್ಲೇ ಇದೆ ಕಣ್ರೀ’ ಅನ್ನುತ್ತಾರೆ ಇನ್ನೊಬ್ಬರು. ಮಳೆ, ರಾಗಿ, ರೇಷ್ಮೆ ಗೂಡಿನ ರೇಟು ಮಾತಾಡುತ್ತಿದ್ದವರ ಬಾಯಲ್ಲಿ ಈಗ ಬಣ್ಣಗಳ ಲೆಕ್ಕ.

ಈ ಬಣ್ಣಗಳೆಲ್ಲ ಬಂದಿರುವುದು ಮಾಸ್ಟರ್ ಪ್ಲಾನ್ ನಕ್ಷೆಯಿಂದ, ಅಂದರೆ ಎಲ್ಲಿ ಏನು ಬರಬೇಕು ಎಂದು ತೀರ್ಮಾನಿಸುವ ನಕ್ಷೆಯಿಂದ. ಹಳದಿ ಅಂದರೆ ಮನೆ ಕಟ್ಟುವ ಜಾಗ. ನೀಲಿ ಅಂಗಡಿ, ವ್ಯಾಪಾರಕ್ಕೆ. ನೇರಳೆ ಕಾರ್ಖಾನೆಗೆ. ಹಸಿರು ಪಾರ್ಕಿಗೆ, ತಿಳಿಹಸಿರು ಬೇಸಾಯಕ್ಕೆ. ಒಂದೇ ಬದುವಿನ ಆಚೆಗೊಂದು ಹೊಲ, ಈಚೆಗೊಂದು ಹೊಲ. ಅದೇ ಕೆಮ್ಮಣ್ಣು, ಅದೇ ಮಳೆ. ನಕ್ಷೆಯಲ್ಲಿ ಆ ಬದುವಿನ ಮೇಲೆ ಒಂದು ಗೆರೆ ಬಿತ್ತು ಅಂದುಕೊಳ್ಳಿ. ಈಚೆಯವನ ಎಕರೆಗೆ ಬರುವ ಬೆಲೆ ಆಚೆಯವನ ಎಕರೆಗೆ ಬರುವುದಿಲ್ಲ. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದಕ್ಕೆ ಇಷ್ಟು ಸಾಕು, ಅಲ್ವಾ?

ಹಾಗಾದರೆ ಆ ಗೆರೆ ಎಳೆಯುವವರು ಯಾರು? ಗ್ರಾಮ ಪಂಚಾಯಿತಿಯಂತೂ ಅಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಆ ಕೆಲಸ ಯೋಜನಾ ಪ್ರಾಧಿಕಾರದ್ದು. ಕಾಯ್ದೆಯ ಹೆಸರಿನಲ್ಲೇ ಗ್ರಾಮಾಂತರ ಇದೆ. ಆದರೆ ಗ್ರಾಮಕ್ಕೆ ಸಿಕ್ಕಿರುವುದು ಆಕ್ಷೇಪಣೆ ಸಲ್ಲಿಸುವ ಅವಕಾಶ ಮಾತ್ರ.

ಇದಕ್ಕೊಂದು ಬೇರು ಸಂವಿಧಾನದ ತಿದ್ದುಪಡಿಯಲ್ಲೇ ಇದೆ. 1992ರಲ್ಲಿ 73 ಮತ್ತು 74ನೇ ತಿದ್ದುಪಡಿ ಒಟ್ಟಿಗೆ ಬಂದವು. ಒಂದು ಪಂಚಾಯಿತಿಗೆ, ಇನ್ನೊಂದು ನಗರಸಭೆಗಳಿಗೆ. ನಗರಸಭೆಗಳಿಗೆ ಒಪ್ಪಿಸಬಹುದಾದ 18 ಕೆಲಸಗಳ ಪಟ್ಟಿ ತೆಗೆದು ನೋಡಿ. ಮೊದಲನೆಯದೇ ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಪಂಚಾಯಿತಿಗಳ ಪಟ್ಟಿಯಲ್ಲಿ 29 ವಿಷಯಗಳಿವೆ. ಕೃಷಿ, ಸಣ್ಣ ನೀರಾವರಿ, ಮೀನುಗಾರಿಕೆ, ಖಾದಿ, ಸಂತೆ, ಎಲ್ಲ ಇದೆ. ಭೂಸುಧಾರಣೆಯೂ ಇದೆ, ಮಣ್ಣಿನ ಸಂರಕ್ಷಣೆಯೂ ಇದೆ. ಭೂಬಳಕೆಯ ನಿಯಂತ್ರಣ ಮಾತ್ರ ಇಲ್ಲ. ಹಳ್ಳಿಯ ಭೂಮಿ ಹೇಗಿದ್ದರೂ ಬೇಸಾಯಕ್ಕೇ ಇರುತ್ತದೆ, ಅದಕ್ಕೇನು ಯೋಜನೆ ಅಂದುಕೊಂಡರೋ ಏನೋ.

ಸರಿ, ಪ್ರಾಧಿಕಾರವಾದರೂ ಆ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿತೇ? ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2007ರಲ್ಲಿ ಜಾರಿಗೆ ಬಂತು. ಅದರ ಹೆಸರಲ್ಲೇ 2015 ಅಂತ ಇತ್ತು. ಅಂದರೆ ಆ ವರ್ಷದ ಹೊತ್ತಿಗೆ ಹೊಸದು ಬರಬೇಕಿತ್ತು. 2031ರವರೆಗಿನ ಕರಡು 2017ರ ಕೊನೆಗೆ ಹೊರಬಂತು. ಜನ ಆಕ್ಷೇಪಣೆ ಹಾಕಿದರು, ಚರ್ಚೆಗಳಾದವು, ಕೊನೆಗೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ವರ್ಷಗಳು ಕಳೆದರೂ ಹಳೇ ನಕ್ಷೆಯಲ್ಲೇ ಬಂಡಿ ಓಡುತ್ತಿತ್ತು. ನಕ್ಷೆ ನಿಂತ ಕಡೆ ಊರು ನಿಲ್ಲುವುದಿಲ್ಲವಲ್ಲ? ಜೆಸಿಬಿ ಮೊದಲು ಬಂತು, ನಕ್ಷೆ ಅದರ ಹಿಂದೆ ಬಂತು. ಕೆಲವು ಕಡೆ ಬರಲೇ ಇಲ್ಲ.

ಆಗ ಹುಟ್ಟಿದ್ದೇ ರೆವಿನ್ಯೂ ಲೇಔಟು, ಅಂದರೆ ಬೇಸಾಯದ ಜಮೀನನ್ನು ಅನುಮತಿ ಇಲ್ಲದೆ ಸೈಟು ಮಾಡಿ ಮಾರುವುದು. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ರೋಗವೂ ಇದರಲ್ಲೇ ಇದೆ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಮೂವತ್ತು ನಲವತ್ತರ ಸೈಟು ಅಂದರೆ 1,200 ಚದರ ಅಡಿ. ಒಳ್ಳೆಯ ಅಗಲದ ರಸ್ತೆ, ಚರಂಡಿ, ಪಾರ್ಕು, ಅಂಗನವಾಡಿಗೆ ಒಂದಿಷ್ಟು ಜಾಗ, ನೀರಿನ ಟ್ಯಾಂಕಿಗೆ ಒಂದಿಷ್ಟು ಜಾಗ ಅಂತ ಅರ್ಧ ಎಕರೆ ಬಿಟ್ಟರೆ ಉಳಿದ ಅರ್ಧದಲ್ಲಿ 18 ಸೈಟು ಆಗುತ್ತವೆ. ಯಾರನ್ನೂ ಕೇಳದೆ ಇಕ್ಕಟ್ಟಾದ ರಸ್ತೆ ಬಿಟ್ಟು, ಮುಕ್ಕಾಲು ಎಕರೆಯನ್ನು ಸೈಟು ಮಾಡಿದರೆ 27 ಆಗುತ್ತವೆ. ಎಕರೆಗೆ ಒಂಬತ್ತು ಸೈಟು ಜಾಸ್ತಿ. ಆ ಒಂಬತ್ತು ಸೈಟಿನ ದುಡ್ಡು ಲೇಔಟ್ ಮಾಡಿದವರ ಜೇಬಿಗೆ. ಆ ಒಂಬತ್ತು ಸೈಟಿನ ಕೆಳಗೆ ಹೂತುಹೋದದ್ದು ಮಕ್ಕಳ ಆಟದ ಜಾಗ, ಆಂಬುಲೆನ್ಸ್ ತಿರುಗುವ ರಸ್ತೆ, ಮಳೆನೀರು ಹರಿಯುವ ಮೋರಿ.

ಹತ್ತು ಹದಿನೈದು ವರ್ಷ ಆದಮೇಲೆ ಆ ಜಾಗ ವಾಪಸ್ ಬೇಕು ಅಂದರೆ ಯಾರ ಮನೆ ಒಡೆಯುತ್ತೀರಿ? ಕೂಡಿಟ್ಟ ದುಡ್ಡಿಗೆ ಚೀಟಿ ದುಡ್ಡು ಸೇರಿಸಿ ಸೈಟು ತಗೊಂಡ ಗಾರ್ಮೆಂಟ್ಸ್ ನೌಕರರದ್ದಾ? ಆಟೋ ಓಡಿಸುವವರದ್ದಾ? ಅಕ್ರಮ-ಸಕ್ರಮ ಅಂತ ಯೋಜನೆ ಬಂತು, ಸುಪ್ರೀಂ ಕೋರ್ಟಿನ ತಡೆಯಿಂದ ನಿಂತುಹೋಯಿತು. ಇಂಥ ಸೈಟುಗಳನ್ನು ದಾಖಲೆಗೆ ಸೇರಿಸಲು ಬಿ ಖಾತೆ, 11ಬಿ ಅಂತ ದಾರಿಗಳು ಹುಟ್ಟಿಕೊಂಡವು. ಇವೆಲ್ಲ ಕಾಗದವನ್ನು ಸರಿಮಾಡುತ್ತವೆ. ಇಪ್ಪತ್ತು ಅಡಿ ರಸ್ತೆಯನ್ನು ನಲವತ್ತು ಅಡಿ ಮಾಡುವುದಿಲ್ಲ.

ಇನ್ನು ಗ್ರಾಮ ಪಂಚಾಯಿತಿ ಕಚೇರಿಗೆ ಬನ್ನಿ. ಒಬ್ಬ ಪಿಡಿಓ, ಒಬ್ಬರೋ ಇಬ್ಬರೋ ಬಿಲ್ ಕಲೆಕ್ಟರು, ಕೆಲವು ವಾಟರ್‌ಮ್ಯಾನ್‌ಗಳು. ನಾಲ್ಕು ಹಳ್ಳಿ ನೋಡಿಕೊಳ್ಳಲು ಇದ್ದ ವ್ಯವಸ್ಥೆ ಇದು. ಅದರ ಮಡಿಲಿಗೆ ಈಗ ಅಪಾರ್ಟ್‌ಮೆಂಟು, ಪಿಜಿ, ಗೋಡೌನು ಎಲ್ಲ ಬಂದು ಬಿದ್ದಿವೆ. ಕಟ್ಟಡಕ್ಕೆ ಪರವಾನಗಿ, ಖಾತೆ, ಕಂದಾಯ, ಕಸ, ಕೊಳವೆ ಬಾವಿ, ಎಲ್ಲಕ್ಕೂ ಅವರನ್ನೇ ಕೇಳಬೇಕು. ಎಲ್ಲಿ ಏನು ಬರಬೇಕು ಎಂದು ಮಾತ್ರ ಅವರನ್ನು ಯಾರೂ ಕೇಳಲಿಲ್ಲ. ಪಂಚಾಯಿತಿಯವರು ದುಡ್ಡು ತಿಂದು ಹಾಳು ಮಾಡಿದರು ಅನ್ನುವ ಮಾತು ಬಹಳ ಕೇಳುತ್ತೇವೆ. ತಿಂದವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮನೆ ಹೆಚ್ಚಿದಷ್ಟೂ ಕಂದಾಯ ಹೆಚ್ಚುವ, ಗೋಮಾಳ ಉಳಿಸಿದರೆ ಒಂದು ಪೈಸೆಯೂ ಬಾರದ ಏರ್ಪಾಡಿನಲ್ಲಿ ಪ್ರಾಮಾಣಿಕ ಪಂಚಾಯಿತಿಯ ಒಲವೂ ಯಾವ ಕಡೆ ಇರುತ್ತದೆ, ನೀವೇ ಹೇಳಿ.

ಗೋಮಾಳದ ಕಥೆಯಂತೂ ಬಲು ಸೊಗಸಾಗಿದೆ. ಊರಿನ ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಅನ್ನುವುದು ಕಂದಾಯ ನಿಯಮ. ಅದಕ್ಕಿಂತ ಜಾಸ್ತಿ ಇದ್ದರೆ ಅದು ‘ಹೆಚ್ಚುವರಿ’. ಲೇಔಟ್ ಬಂದಂತೆ ಮೇವು ಕಡಿಮೆ. ಮೇವು ಕಡಿಮೆಯಾದಂತೆ ದನ ಕಡಿಮೆ. ದನ ಕಡಿಮೆಯಾದಂತೆ ಗೋಮಾಳ ತಾನಾಗೇ ಹೆಚ್ಚುವರಿ ಆಗುತ್ತಾ ಹೋಗುತ್ತದೆ. ಯಾರೂ ಒತ್ತುವರಿ ಮಾಡಬೇಕಾಗಿಯೇ ಇಲ್ಲ, ಲೆಕ್ಕವೇ ಒತ್ತುವರಿ ಮಾಡುತ್ತದೆ!

ನಗರದ ಒಳಗೆ ಸೇರಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಒಂದಿದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ದೊಡ್ಡ ಯೋಜನೆ, ಒಪ್ಪೋಣ. ಆದರೆ ಪಾಲಿಕೆ ಅನ್ನಿಸಿಕೊಂಡ ಮೇಲೆ ಹದಿನೇಳು ವರ್ಷ! ಅಷ್ಟರಲ್ಲಿ 2007ರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬಂದಿತ್ತು. ಅಲ್ಲಿಯವರೆಗೆ ಅವರ ಆಸರೆ ಟ್ಯಾಂಕರ್ ಮತ್ತು ಬೋರ್‌ವೆಲ್. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆಗಳಾಗಿವೆ. ಪಕ್ಕದ ಊರುಗಳವರು ‘ನಮ್ಮನ್ನೂ ಸೇರಿಸ್ತಾರಂತೆ’ ಎಂದು ಕೆಲವರು ಖುಷಿಯಲ್ಲಿ, ಕೆಲವರು ಭಯದಲ್ಲಿ ಮಾತಾಡುತ್ತಿದ್ದಾರೆ. ಇಬ್ಬರೂ ಈ ಹದಿನೇಳು ವರ್ಷವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗೆರೆ ಎಳೆದು ಮರೆತುಬಿಡುವುದೂ ಒಂದು ಬಗೆಯ ಹಿಂಸೆಯೇ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುತ್ತುಹಾಕುವ ಪೆರಿಫೆರಲ್ ರಿಂಗ್ ರೋಡಿಗೆ 2005ರಲ್ಲಿ ಮೊದಲ ಅಧಿಸೂಚನೆ ಬಂತು. ಇಪ್ಪತ್ತು ವರ್ಷವಾದರೂ ರಸ್ತೆ ಇಲ್ಲ. ಯೋಜನೆಯ ಹೆಸರು ಮಾತ್ರ ಬದಲಾಗಿ ಬಿಸಿನೆಸ್ ಕಾರಿಡಾರ್ ಆಗಿದೆ. ಆ ಗೆರೆಯ ಕೆಳಗೆ ಸಿಕ್ಕ ಜಮೀನಿನವರ ಪಾಡು ಯೋಚಿಸಿ. ಒಳ್ಳೆ ಬೆಲೆಗೆ ಮಾರೋಣ ಅಂದರೆ ಕೊಳ್ಳುವವರಿಲ್ಲ. ಮನೆ ಕಟ್ಟೋಣ ಅಂದರೆ ಅಪ್ರೂವಲ್ ಇಲ್ಲ. ಪರಿಹಾರ ಕೇಳಿದರೆ ದರ ಇನ್ನೂ ತೀರ್ಮಾನ ಆಗಿಲ್ಲ ಅನ್ನುವ ಉತ್ತರವೇ ವರ್ಷಗಟ್ಟಲೆ ಸಿಕ್ಕಿತು. ಅಪ್ಪ ಅರ್ಜಿ ಕೊಟ್ಟಿದ್ದ ಕಚೇರಿಗೆ ಈಗ ಮಗ ಅಲೆಯುತ್ತಾನೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ವಿಷಯ ನಿಮಗೆ ಗೊತ್ತೇ ಇದೆ. 13 ಹಳ್ಳಿ, 1,777 ಎಕರೆ. ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ನೆಲವನ್ನು ಕೈಗಾರಿಕೆಗೆ ಕೊಡಬೇಕು ಅಂತ ಹೊರಟಿತು ಸರ್ಕಾರ. ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ರೈತರು ಗೆದ್ದರು ಅಂತ ಸಂತೋಷಪಟ್ಟೆವು. ಆದರೆ ಒಳ್ಳೆಯ ನೆಲ ಯಾವುದು, ಬಿಡಬಹುದಾದ ನೆಲ ಯಾವುದು ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ಪಡೆಯಲು ಜನ ಮೂರು ವರ್ಷ ಬೀದಿಯಲ್ಲಿ ಕೂರಬೇಕಾಯಿತು. ಆ ಪ್ರಶ್ನೆಯನ್ನು ಮೊದಲ ದಿನವೇ ಗ್ರಾಮಸಭೆಯಲ್ಲಿ ಕೇಳಬಹುದಿತ್ತು.

ಹಾಗಂತ ಎಲ್ಲ ಹೊಲವೂ ಹೊಲವಾಗೇ ಇರಲಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳುವವರು ಸಾಮಾನ್ಯವಾಗಿ ನಗರದಲ್ಲಿ ಮನೆ ಕಟ್ಟಿಕೊಂಡವರು. ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಟೊಮೆಟೊ ಬೆಲೆ ಬಿದ್ದರೆ ರಸ್ತೆಗೆ ಸುರಿಯಬೇಕು, ಮಗಳ ಮದುವೆ ಇದೆ. ಅಂಥವರಿಗೆ ನೀನು ಗ್ರೀನ್ ಬೆಲ್ಟ್, ಮಾರಬೇಡ, ನಮಗೆ ಒಳ್ಳೆ ಗಾಳಿ ಬೇಕು ಅಂದರೆ ಯಾವ ನ್ಯಾಯ? ಹಸಿರು ಉಳಿಸುವ ಖರ್ಚನ್ನು ನಗರವೂ ಹೊರಬೇಕು. ಆ ಮಾತು ಯಾವ ಮಾಸ್ಟರ್ ಪ್ಲಾನ್‌ನಲ್ಲೂ ಗಟ್ಟಿಯಾಗಿ ಬರುವುದಿಲ್ಲ. ನಗರ ಕಳಿಸುವುದು ಕಸವನ್ನು. ಮಂಡೂರಿನ ಜನ ವರ್ಷಗಟ್ಟಲೆ ಆ ನಾತ ಕುಡಿದು, ಬೀದಿಗಿಳಿದು, 2014ರಲ್ಲಿ ಲಾರಿಗಳನ್ನು ನಿಲ್ಲಿಸಬೇಕಾಯಿತು.

ಹಳ್ಳಿಯ ನಕ್ಷೆ ಕಡೆಗಣಿಸಿದರೆ ನಷ್ಟ ಹಳ್ಳಿಗೆ ಮಾತ್ರ ಅಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆಯಲ್ಲಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರ ನೋಡಿದ್ದೀರಿ. ನೀರು ತಪ್ಪು ದಾರಿಗೇನೂ ಬಂದಿರಲಿಲ್ಲ. ಕೆರೆಯಿಂದ ಕೆರೆಗೆ ಹೋಗುವ ತನ್ನ ಹಳೇ ದಾರಿಯಲ್ಲೇ ಹೊರಟಿತ್ತು. ಆ ದಾರಿ ಹಳೇ ಗ್ರಾಮ ನಕಾಶೆಯಲ್ಲಿ ಖರಾಬು, ಅಂದರೆ ಬೇಸಾಯಕ್ಕಲ್ಲದ ಜಾಗ ಎಂದು ಇತ್ತು. ಊರಿನ ನೀರುಗಂಟಿಗೂ ಗೊತ್ತಿತ್ತು.

ಹಾಗಾದರೆ ದಾರಿ ಏನು? ನನ್ನ ಪ್ರಕಾರ ನಗರ ಬರುವುದಕ್ಕೆ ಮುಂಚೆ ಊರು ತನ್ನ ನಕ್ಷೆಯನ್ನು ತಾನೇ ಬರೆದಿಡಬೇಕು, ಪ್ರಾಧಿಕಾರ ಅದರ ಮೇಲೆ ತನ್ನ ಬಣ್ಣ ಹಾಕಬೇಕು. ಇದು ಕನಸೇನೂ ಅಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಗ್ರಾಮ ಪಂಚಾಯಿತಿಯ ಭೂಬಳಕೆ ಯೋಜನೆಗೆಂದು 2016ರಲ್ಲೇ ಮಾರ್ಗಸೂಚಿ ತಂದಿತು, 2021ರಲ್ಲಿ ಪರಿಷ್ಕರಿಸಿತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಬೀದಿಬೀದಿಗೆ ಸುಣ್ಣದ ಗೆರೆ ಎಳೆದು, ಮೇಲೆ ಡ್ರೋನ್ ಹಾರಿಸಿ ಊರಿನ ಮನೆಗಳಿರುವ ಜಾಗವಾದ ಗ್ರಾಮಠಾಣದ ಅಳತೆ ಮಾಡಿದ್ದಾರೆ. ಅಷ್ಟು ಮಾಡುವವರಿಗೆ ಊರ ಹೊರಗಿನ ಗುಂಡುತೋಪು, ಕೆರೆ ಅಂಗಳ, ಕಾಲುವೆ, ಸ್ಮಶಾನ, ಬಂಡಿದಾರಿ ಗುರುತಿಸುವುದು ಕಷ್ಟವೇ? ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತ ಪ್ರತಿ ಪಂಚಾಯಿತಿ ವರ್ಷಾವರ್ಷ ಯೋಜನೆ ಮಾಡುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಚರಂಡಿ, ಸಿಸಿ ರಸ್ತೆ, ಬೀದಿದೀಪ. ಅದಕ್ಕೊಂದು ನಕ್ಷೆ ಸೇರಿಸಬೇಕು ಅಷ್ಟೇ.

ಹಳ್ಳಿಯ ನಕ್ಷೆಯನ್ನೂ ಪಟ್ಟಣದ ನಕ್ಷೆಯನ್ನೂ ಒಂದೇ ಮೇಜಿನ ಮೇಲೆ ಹಾಸಿ ನೋಡಲು ಸಂವಿಧಾನವೇ ಜಿಲ್ಲಾ ಯೋಜನಾ ಸಮಿತಿ ಇರಬೇಕು ಅಂದಿದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳಿಂದ ಆರಿಸಿ ಬಂದವರಾಗಿರಬೇಕು. ನಮ್ಮಲ್ಲಿ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಳೇ ಉರುಳಿದವು, ಚುನಾವಣೆ ನಡೆಯಲಿಲ್ಲ. ಮೇಜು ಇದೆ, ಕುರ್ಚಿ ಖಾಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದರೆ ಆಕ್ಷೇಪಣೆಗೆ ಅರವತ್ತು ದಿನ ಇರುತ್ತದೆ. ಪ್ರಕಟಣೆ ಬಂದದ್ದೇ ಪಂಚಾಯಿತಿಯಲ್ಲಿ ಗ್ರಾಮಸಭೆ ಕರೆಸಿ, ನಕ್ಷೆಯನ್ನು ಗೋಡೆಗೆ ಹಾಕಿಸಿ. ನಿಮ್ಮ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೆರೆ ಏರಿ, ಕಾಲುವೆ ಅಂಚು, ತೋಪು, ದಾರಿ ಅಂತ ಒಂದೊಂದೂ ಸುತ್ತಿಬನ್ನಿ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತು. ಸರ್ವೆ ನಂಬರ್ ಸಮೇತ ಕನ್ನಡದಲ್ಲೇ ಬರೆಯಿರಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಪ್ರತಿಯನ್ನು ಪ್ರಾಧಿಕಾರಕ್ಕೆ ಕೊಟ್ಟು ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಆ ಸ್ವೀಕೃತಿಯನ್ನೇ.

ನಮಸ್ಕಾರ.