75 ಗಂಟೆಯ ಕೋರ್ಸಿಗೆ ದುಡ್ಡು ಕೊಡುವವರು ಯಾರು?

(ತೆರೆಯ ಮೇಲೆ ದೊಡ್ಡದಾಗಿ: 75)

ನಮಸ್ಕಾರ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಖಾಸಗಿ ಆಸ್ಪತ್ರೆಯಲ್ಲ. ವಯಸ್ಸಾದವರು, ಕೈಲಾಗದವರು ಇರುವ ಜಾಗ. ಅಲ್ಲಿ ಅಜ್ಜಿಗೆ ಸ್ನಾನ ಮಾಡಿಸಿ, ಊಟ ಕೊಟ್ಟು, ಮಗ್ಗುಲು ಬದಲಿಸುವವರು ಹೆಚ್ಚಾಗಿ ನರ್ಸಿಂಗ್ ಅಸಿಸ್ಟೆಂಟ್‌ಗಳು. 1987ರ ಕಾನೂನಿನ ಪ್ರಕಾರ ಅವರಿಗೆ ಕನಿಷ್ಠ 75 ಗಂಟೆ ತರಬೇತಿ ಆಗಿರಬೇಕು. ಕೆಲವು ರಾಜ್ಯಗಳು ಜಾಸ್ತಿ ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 160.

ಈ ಕೋರ್ಸನ್ನು ಎಷ್ಟೋ ಕಮ್ಯುನಿಟಿ ಕಾಲೇಜುಗಳು ನಡೆಸುತ್ತವೆ. ಕಡಿಮೆ ಫೀಸಿನ, ಮನೆ ಹತ್ತಿರದ ಕಾಲೇಜುಗಳು ಇವು.

ಬಡ ವಿದ್ಯಾರ್ಥಿಗೆ ಅಲ್ಲಿ ಪೆಲ್ ಗ್ರ್ಯಾಂಟ್ ಇದೆ, ಅಂದರೆ ಓದಿಗೆ ಸರ್ಕಾರ ಕೊಡುವ ಸಹಾಯಧನ. ಸಾಲವಲ್ಲ, ವಾಪಸ್ ಕೊಡಬೇಕಿಲ್ಲ. ಆದರೆ ಅದರ ಹಳೆಯ ನಿಯಮ ಏನು ಗೊತ್ತಾ? ಕೋರ್ಸ್ ಕನಿಷ್ಠ 15 ವಾರ, 600 ಗಂಟೆ ಇರಬೇಕು. ಎಲ್ಲಿಯ 75, ಎಲ್ಲಿಯ 600!

(ದೃಶ್ಯ: ಕಾಲೇಜಿನ ಲ್ಯಾಬ್, ಮಂಚದ ಮೇಲೆ ತರಬೇತಿ ಗೊಂಬೆ)

ಹಾಗಾಗಿ ಸರ್ಕಾರ ಕಾಲೇಜಿಗೇ ಅನುದಾನ ಕೊಡುವ ದಾರಿಯನ್ನೂ ಹಿಡಿಯಿತು. 2010ರ ಮಾರ್ಚ್‌ನಲ್ಲಿ ಒಬಾಮಾ ಒಂದು ಕಾನೂನಿಗೆ ಸಹಿ ಹಾಕಿದರು, ಅದೂ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನಲ್ಲೇ. ವರ್ಷಕ್ಕೆ 50 ಕೋಟಿ ಡಾಲರಿನಂತೆ ನಾಲ್ಕು ವರ್ಷಕ್ಕೆ 200 ಕೋಟಿ. ಎಲ್ಲವೂ ಆರೋಗ್ಯಕ್ಕಲ್ಲ, ಕಾರ್ಖಾನೆ ಕೆಲಸ, ಕಂಪ್ಯೂಟರ್ ಕೋರ್ಸುಗಳೂ ಅದರಲ್ಲಿದ್ದವು.

ನನಗೆ ಇಷ್ಟವಾಗಿದ್ದು ಅದೇ ವರ್ಷ ಶುರುವಾದ ಇನ್ನೊಂದು ಯೋಜನೆ, ಹೆಲ್ತ್ ಪ್ರೊಫೆಶನ್ ಆಪರ್ಚುನಿಟಿ ಗ್ರ್ಯಾಂಟ್. ಕಡಿಮೆ ಆದಾಯದವರಿಗಾಗಿಯೇ ಮಾಡಿದ್ದು. ಫೀಸಿನ ಜೊತೆಗೆ ಬಸ್ ಖರ್ಚು, ಮಗುವನ್ನು ನೋಡಿಕೊಳ್ಳುವವರ ಖರ್ಚಿಗೂ ಅದರಲ್ಲಿ ದಾರಿ ಇತ್ತು. ಯಾರೋ ಬುದ್ಧಿವಂತರು ಕೂತು ಯೋಚಿಸಿದ್ದಾರೆ, ಅಲ್ವಾ? ಎಷ್ಟೋ ತಾಯಂದಿರು ಓದು ಬಿಡುವುದು ಪಾಠ ಕಷ್ಟ ಅಂತಲ್ಲ, ಮಗುವನ್ನು ಬಿಡೋಕೆ ಜಾಗ ಇಲ್ಲ ಅಂತ.

ಆ ಯೋಜನೆ 2021ಕ್ಕೆ ಮುಗಿಯಿತು. ಅನುದಾನದ ದೊಡ್ಡ ತೊಂದರೆಯೇ ಇದು. ಕೆಲವು ವರ್ಷ ಬಂದು ದುಡ್ಡು ನಿಲ್ಲುತ್ತದೆ. ಲ್ಯಾಬಿಗೆ ತಂದ ಗೊಂಬೆ ಉಳಿಯುತ್ತದೆ, ಪಾಠ ಮಾಡುವವರ ಸಂಬಳ ಉಳಿಯುವುದಿಲ್ಲ.

ಪಾಠ ಮಾಡುವವರು ಸಿಗುವುದೂ ಸುಲಭವಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಡಿಗ್ರಿಯೂ ಇದೆ, 1952ರಲ್ಲಿ ಪ್ರಯೋಗವಾಗಿ ಶುರುವಾಗಿದ್ದು. ನಾಲ್ಕು ವರ್ಷ ಓದಿದವರೂ ಇವರೂ ಬರೆಯುವ ಲೈಸೆನ್ಸ್ ಪರೀಕ್ಷೆ ಒಂದೇ. ಸೇರಲು ಜನ ಇದ್ದಾರೆ. ಆದರೆ ಅನುಭವಿ ನರ್ಸ್‌ಗೆ ಕಾಲೇಜಿಗಿಂತ ಆಸ್ಪತ್ರೆಯಲ್ಲೇ ಸಂಬಳ ಜಾಸ್ತಿ. ಮತ್ತೆ ಕಾಲೇಜಿಗೆ ಯಾಕೆ ಬರುತ್ತಾರೆ? 2023ರಲ್ಲಿ ಕಾರ್ಮಿಕ ಇಲಾಖೆ ನರ್ಸಿಂಗ್‌ಗೆ ಸುಮಾರು 7.8 ಕೋಟಿ ಡಾಲರ್ ಹಂಚಿದಾಗ, ನರ್ಸಿಂಗ್ ಶಿಕ್ಷಕರನ್ನು ತಯಾರು ಮಾಡುವುದಕ್ಕೂ ಅದರಲ್ಲಿ ಒಂದು ಪಾಲು ಇಟ್ಟಿತು.

(ತೆರೆಯ ಮೇಲೆ ಮತ್ತೆ: 75)

ಈಗ ನಮ್ಮ ಸಂಖ್ಯೆಗೆ ಬರೋಣ. 2025ರ ಜುಲೈ 4ರಂದು ಸಹಿಯಾದ ಕಾನೂನು ಪೆಲ್ ಗ್ರ್ಯಾಂಟನ್ನು ಸಣ್ಣ ಕೋರ್ಸುಗಳಿಗೂ ತೆರೆಯಿತು. ಜಾರಿ 2026ರ ಜುಲೈ 1ರಿಂದ. ಷರತ್ತು: ಕನಿಷ್ಠ 8 ವಾರ, ಕನಿಷ್ಠ 150 ಗಂಟೆ.

ಅಂದರೆ 75 ಗಂಟೆಯ ಕೋರ್ಸ್ ಈಗಲೂ ಹೊರಗೇ. ಒಂದೇ ತಿಂಗಳಲ್ಲಿ ಕಲಿತು ಕೆಲಸಕ್ಕೆ ಸೇರಬಹುದಾದ ಹುಡುಗಿ ಫೀಸನ್ನು ತಾನೇ ಹೊಂದಿಸಬೇಕಾಗಬಹುದು, ಇಲ್ಲವೇ ಯಾವುದೋ ಅನುದಾನ ತನ್ನ ಕಾಲೇಜಿಗೆ ಬಂದಿದೆಯಾ ಅಂತ ವಿಚಾರಿಸಬೇಕು.