ಕಾರ್ಮನ್ ಮುಳುಗಿದ್ದು ಹೇಗೆ?

ನಮಸ್ಕಾರ. ಬೇರೆ ಕಂಪನಿಗಳಿಗೆ ಕಾರು ಮಾಡಿಕೊಡುತ್ತಿದ್ದ ಜರ್ಮನಿಯ ಕಾರ್ಮನ್ ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2009ರ ಏಪ್ರಿಲ್‌ನಲ್ಲಿ. ಆಗಿನ ಆರ್ಥಿಕ ಕುಸಿತವೇ ಇದಕ್ಕೆ ಕಾರಣ ಅಂತ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಅದು ಕೊನೆಯ ಏಟು, ಅಷ್ಟೇ.

ಮೊದಲು ಇವರ ಕೈಚಳಕ ಎಂಥದ್ದು ಅಂತ ನೋಡೋಣ. 1901ರಲ್ಲಿ ವಿಲ್ಹೆಲ್ಮ್ ಕಾರ್ಮನ್ ಓಸ್ನಾಬ್ರುಕ್ ಊರಿನಲ್ಲಿ ಸಾರೋಟು ಕಟ್ಟುವ ಕಾರ್ಖಾನೆಯೊಂದನ್ನು ಕೊಂಡರು. 1949ರಿಂದ ಅಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಓಪನ್ ಟಾಪ್ ಮಾದರಿ ತಯಾರಾಗತೊಡಗಿತು. ಚಾವಣಿ ಕತ್ತರಿಸಿ ಬಟ್ಟೆ ಹೊದಿಸಿದರೆ ಆಯ್ತು ಅಂದುಕೊಳ್ಳಬೇಡಿ. ಚಾವಣಿ ಹೋದರೆ ಕಾರಿನ ಮೈ ನಡುವೆ ಬಾಗುತ್ತದೆ, ಬಾಗಿಲು ಸರಿಯಾಗಿ ಕೂರಲ್ಲ. ಅದಕ್ಕೇ ಬಾಗಿಲ ಕೆಳಗೆ ಬಲವಾದ ಉಕ್ಕಿನ ಪಟ್ಟಿ ಸೇರಿಸಬೇಕು. ಮೇಲಿನ ಬಟ್ಟೆಗೂ ಪದರದ ಮೇಲೆ ಪದರ, ಒಳಗೆ ಮೆತ್ತೆ, ಹಿಂದೆ ನಿಜವಾದ ಗಾಜು. 1980ರವರೆಗೆ ಇಂಥವು 3.3 ಲಕ್ಷಕ್ಕೂ ಜಾಸ್ತಿ ಹೊರಬಂದವು.

1955ರಲ್ಲಿ ಕಾರ್ಮನ್ ಗಿಯಾ ಬಂತು. ಇಟಲಿಯ ಗಿಯಾ ಸ್ಟುಡಿಯೋದ ವಿನ್ಯಾಸ, ಕೆಳಗೆ ಅದೇ ಬೀಟಲ್ ಎಂಜಿನ್. ಆ ದುಂಡನೆಯ ಮೂತಿಯನ್ನು ಹಲವು ತಗಡು ತುಂಡು ಬೆಸೆದು, ಅರದಿಂದ ಉಜ್ಜಿ ಉಜ್ಜಿ ಬೆಸುಗೆಯ ಗುರುತೇ ಕಾಣದ ಹಾಗೆ ಮಾಡುತ್ತಿದ್ದರು. ಓಡೋದ್ರಲ್ಲಿ ಬೀಟಲ್‌ಗಿಂತ ದೊಡ್ಡ ವ್ಯತ್ಯಾಸವೇನಿಲ್ಲ. ಆದರೂ ನೋಡಿದವರು ಮರುಳಾದರು ಬಿಡಿ!

ಆಮೇಲೆ ಸಿರೊಕೊ, ಗಾಲ್ಫ್ ಕ್ಯಾಬ್ರಿಯೊ (ಕ್ಯಾಬ್ರಿಯೊ ಅಂದರೆ ಓಪನ್ ಟಾಪ್ ಕಾರು), ಫೋರ್ಡ್ ಎಸ್ಕಾರ್ಟ್, ಕ್ರೈಸ್ಲರ್ ಕ್ರಾಸ್‌ಫೈರ್... ಪಟ್ಟಿ ಉದ್ದ ಇದೆ. ತೊಂದರೆ ಇದ್ದಿದ್ದೂ ಅಲ್ಲೇ. ಕಾರು ಯಾರದ್ದೋ, ಕೆಲಸ ಇವರದು. ಕಡಿಮೆ ಸಂಖ್ಯೆಯ ಮಾದರಿಗೆ ದೊಡ್ಡ ಕಂಪನಿಗಳ ಕಾರ್ಖಾನೆಯಲ್ಲಿ ಜಾಗ ಇಲ್ಲದಿದ್ದಾಗ ಆರ್ಡರ್ ಇಲ್ಲಿಗೆ ಬರುತ್ತಿತ್ತು. ಒಂದೇ ಲೈನ್‌ನಲ್ಲಿ ನಾಲ್ಕಾರು ಬಗೆಯ ಕಾರು ಜೋಡಿಸೋದನ್ನು ಆ ದೊಡ್ಡ ಕಂಪನಿಗಳೇ ಕಲಿತ ಮೇಲೆ ಹೊರಗೆ ಯಾಕೆ ಕೊಡ್ತಾರೆ, ಅಲ್ವಾ? ಆಡಿ ಎ4 ಕ್ಯಾಬ್ರಿಯೊ ಕಾರ್ಮನ್‌ನಲ್ಲಿ ತಯಾರಾಗುತ್ತಿತ್ತು. ಅದರ ಜಾಗಕ್ಕೆ ಬಂದ ಎ5 ಅನ್ನು ಆಡಿ ತನ್ನದೇ ನೆಕರ್‌ಸುಲ್ಮ್ ಕಾರ್ಖಾನೆಯಲ್ಲಿ ಮಾಡಿತು. ಮರ್ಸಿಡಿಸ್ ಕೂಡ ಅದನ್ನೇ ಮಾಡಿತು. ಕೈ ತುಂಬ ಕೌಶಲ ಇತ್ತು, ಮಾರಲು ಸ್ವಂತ ಕಾರು ಒಂದೂ ಇರಲಿಲ್ಲ. ನನ್ನ ಪ್ರಕಾರ ಕಾರ್ಮನ್ ಕಥೆ ಮುಗಿದದ್ದು ಇಲ್ಲಿ.

ಕೊನೆಗೆ ಕಾರ್ಖಾನೆಯ ಮುಖ್ಯ ಭಾಗವನ್ನು ಫೋಕ್ಸ್‌ವ್ಯಾಗನ್ನೇ ಕೊಂಡಿತು. 2011ರಲ್ಲಿ ಅಲ್ಲಿಂದ ಹೊಸ ಗಾಲ್ಫ್ ಕ್ಯಾಬ್ರಿಯೊ ಬಂತು. 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಆದ ಒಪ್ಪಂದದ ಪ್ರಕಾರ, ಟಿ-ರಾಕ್ ಕ್ಯಾಬ್ರಿಯೊ ಅಲ್ಲಿ ತಯಾರಾಗುವುದು 2027ರವರೆಗೆ ಮಾತ್ರ. ಈಗ ಮಾಲೀಕರೇ ಕಾರು ಕಂಪನಿಯವರು, ಆದರೂ ಓಸ್ನಾಬ್ರುಕ್‌ನವರಿಗೆ ಮುಂದಿನ ಕಾರು ಯಾವುದು ಅನ್ನೋ ಚಿಂತೆ ತಪ್ಪಿಲ್ಲ.