ಮೋಟಾರಿಗಿಂತ ಮೊದಲು ಗಾಳಿಯನ್ನು ನೋಡಿ: ಹಿನ್ನೀರಿನಲ್ಲಿ ರಬ್ಬರ್ ಬೋಟ್

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಶರಾವತಿಯ ಲಿಂಗನಮಕ್ಕಿ ಹಿನ್ನೀರು. ದಡದಲ್ಲಿರುವ ಬೂದು ಬಣ್ಣದ ರಬ್ಬರ್ ಬೋಟ್ ನನ್ನದು; ಉದ್ದ 3.3 ಮೀಟರ್, ಹಿಂಬದಿಗೆ 10 ಅಶ್ವಶಕ್ತಿಯ ಪೆಟ್ರೋಲ್ ಮೋಟಾರು. ಅನುಮತಿ ಪಡೆದು ಎರಡು ದಿನ ಇಲ್ಲಿ ಓಡಿಸಿದೆ. ಮೊದಲ ದಿನ ನಾನೊಬ್ಬನೇ ಕುಳಿತು ಥ್ರಾಟಲನ್ನು ಪೂರ್ತಿ ತಿರುವಿದರೂ ಫೋನಿನ ಜಿಪಿಎಸ್ ಗಂಟೆಗೆ 19 ಕಿಲೋಮೀಟರ್ ದಾಟಲಿಲ್ಲ. ಮೋಟಾರಿನದೇ ದೋಷವೆಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಪೆಟ್ರೋಲ್ ಫಿಲ್ಟರ್ ತೊಳೆದೆ. ಎರಡೂ ಸರಿಯಾಗಿಯೇ ಇದ್ದವು.

ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, “ನಡು ಬಗ್ತಾ ಇದೆ ಮಾರಾಯ್ರೇ, ಗಾಳಿ ನೋಡಿದ್ರಾ?” ಎಂದು ಕೇಳಿದರು. ಗೇಜ್ ಹಚ್ಚಿದೆ. ಬಿಸಿಲಿನಲ್ಲಿ, ಕಾದ ದಡದ ಮೇಲೆ ಅಳೆದು ತುಂಬಿಸಿದ್ದ 0.25 ಬಾರ್ ಒತ್ತಡ ನೀರಿಗಿಳಿದ ಅರ್ಧ ಗಂಟೆಯಲ್ಲಿ 0.20ಕ್ಕೆ ಇಳಿದಿತ್ತು. ಟ್ಯೂಬು ಎಲ್ಲಿಯೂ ಸೋರಿರಲಿಲ್ಲ; ಒಳಗಿನ ಗಾಳಿ ಹತ್ತು ಹನ್ನೆರಡು ಡಿಗ್ರಿ ತಣ್ಣಗಾದರೆ ಇಷ್ಟು ಒತ್ತಡ ಕುಸಿಯುವುದು ಸಹಜವೇ. ಮರದ ದೋಣಿಗೆ ಹಲಗೆಗಳು ಕೊಡುವ ಬಿಗಿತವನ್ನು ಈ ದೋಣಿಗೆ ಕೊಡುವುದು ಗಾಳಿ ಮಾತ್ರ, ಆದ್ದರಿಂದ ಅದು ಕಡಿಮೆಯಾದ ಕೂಡಲೇ ನಡುಭಾಗ ಬಳುಕುತ್ತದೆ, ತಳದ ನಡುವೆ ಉದ್ದಕ್ಕೂ ಉಬ್ಬಿರುವ ಏಣು, ಅಂದರೆ ಕೀಲ್, ಚಪ್ಪಟೆಯಾಗುತ್ತದೆ, ಮತ್ತು ಮೋಟಾರಿನ ಶಕ್ತಿಯ ಒಂದು ಪಾಲು ದೋಣಿಯನ್ನು ಮುಂದಕ್ಕೆ ತಳ್ಳುವ ಬದಲು ಅದನ್ನು ಬಗ್ಗಿಸುವುದರಲ್ಲಿಯೇ ಕಳೆದುಹೋಗುತ್ತದೆ. ಅಂದಿನಿಂದ ನಾನು ದೋಣಿಯನ್ನು ನೀರಿಗಿಳಿಸಿ, ಕಾಲು ಗಂಟೆ ಬಿಟ್ಟು, ಗಾಳಿ ತುಂಬುವ ಮೂರೂ ಕೋಣೆಗಳಿಗೆ ಮತ್ತೊಮ್ಮೆ ಪಂಪ್ ಹೊಡೆಯುತ್ತೇನೆ.

ಎರಡನೆಯದು ಭಾರ. ಇಷ್ಟು ಉದ್ದದ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಗಂಟೆಗೆ ಸುಮಾರು 8 ಕಿಲೋಮೀಟರಿಗೆ ತನ್ನದೇ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಅಲೆಯನ್ನು ಹತ್ತಿ ದಾಟಿದರೆ ಮಾತ್ರ ನೀರಿನ ಮೇಲೆ ಜಾರತೊಡಗುತ್ತದೆ. ಮೂರು ಜನ ಕುಳಿತಾಗ ನನ್ನ ಮೋಟಾರಿಗೆ ಆ ದಿಬ್ಬ ದಾಟಲು ಆಗಲೇ ಇಲ್ಲ. ಭಾರವನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಸುಮಾರು 40 ಕಿಲೋ ತೂಗುವ ಮೋಟಾರು, ಅದರ ಪಕ್ಕದಲ್ಲಿ ಓಡಿಸುವವರು, ಕಾಲ ಬಳಿ ಪೆಟ್ರೋಲ್ ಟ್ಯಾಂಕ್, ಹೀಗೆ ಎಲ್ಲವೂ ಹಿಂದೆಯೇ ಸೇರಿದರೆ ಮೂತಿ ಆಕಾಶ ನೋಡುತ್ತದೆ. ಟ್ಯಾಂಕನ್ನೂ ಚೀಲವನ್ನೂ ಮುಂದಕ್ಕೆ ಸರಿಸಿ, ನಾನೂ ಒಂದು ಮೊಳ ಮುಂದೆ ಕುಳಿತ ಮೇಲೆ ದೋಣಿ ಬೇಗ ಮಟ್ಟಕ್ಕೆ ಬಂತು.

ಈ ದೃಶ್ಯವನ್ನು ಸ್ವಲ್ಪ ನಿಧಾನಿಸಿ ತೋರಿಸುತ್ತೇನೆ. ಪ್ರೊಪೆಲ್ಲರಿನ ಮೇಲಿರುವ ಈ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ ಒಂದೆರಡು ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ; ಮೋಟಾರು ಕಿರುಚುತ್ತದೆ, ದೋಣಿ ಮಾತ್ರ ನಿಂತಲ್ಲೇ ಇರುತ್ತದೆ. ತೀರಾ ಕೆಳಗಿದ್ದರೆ ಮೋಟಾರಿನ ಕಾಲೇ ನೀರನ್ನು ತಡೆಯುತ್ತದೆ. ಪ್ರೊಪೆಲ್ಲರಿನ ಪಿಚ್ಚನ್ನೂ, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರವನ್ನೂ, ಗಮನಿಸಿ: ಹೆಚ್ಚು ಭಾರ ಹೊರುವ ದಿನ ಕಡಿಮೆ ಪಿಚ್ಚಿನದೇ ಒಳ್ಳೆಯದು, ಏಕೆಂದರೆ ಆಗ ಮೋಟಾರು ತನ್ನ ಪೂರ್ಣ ಸುತ್ತುಗಳನ್ನು ಮುಟ್ಟಬಲ್ಲದು. ಈ ಹಿನ್ನೀರು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತುಸು ತೆಳು, ಶೇಕಡಾ 5ರಷ್ಟು ಶಕ್ತಿ ಅಲ್ಲಿಯೇ ಹೋಗುತ್ತದೆ.

ಎರಡನೆಯ ದಿನ ಇಷ್ಟನ್ನೂ ಸರಿಪಡಿಸಿ ಹೊರಟಾಗ ಅದೇ ಮೋಟಾರು, ಅದೇ ಪೆಟ್ರೋಲಿನಲ್ಲಿ 27 ಕಿಲೋಮೀಟರ್ ವೇಗ ಕೊಟ್ಟಿತು. ಮಧ್ಯಾಹ್ನ ದಡಕ್ಕೆ ಎಳೆದು ಹಾಕಿದೊಡನೆ ಮೊದಲು ಮಾಡಿದ ಕೆಲಸ, ವಾಲ್ವ್ ಒತ್ತಿ ತುಸು ಗಾಳಿ ಬಿಟ್ಟದ್ದು: ನೀರಿನಲ್ಲಿ ಸರಿಯಾಗಿದ್ದ ಒತ್ತಡ ಬಿಸಿಲಿನಲ್ಲಿ ಏರಿ ಹೊಲಿಗೆಯ ಅಂಟನ್ನು ಬಿಡಿಸಬಲ್ಲದು.